ಆಲೂಗಡ್ಡೆ ಪಲ್ಯಕ್ಕೆ ಥೈಮ್

ಥೈಮ್ ಅನ್ನೋ ಘಮಘಮಿಸುವ ಸಣ್ಣೆಲೆಯ ಸೊಪ್ಪು ಅಂದರೆ ಎಲ್ಲರಿಗೂ ಪಿಜ್ಜಾ, ಪಾಸ್ತಾನೇ ನೆನಪಾಗುತ್ತದೆ. ನನ್ನ ಅಡುಗೆಮನೆಯಲ್ಲಿ ಅದು ಜಾಸ್ತಿ ಬೀಳುವುದು ಆಲೂಗಡ್ಡೆ ಪಲ್ಯಕ್ಕೆ. ನಮ್ಮ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಜೊತೆ ಕೊಡ್ತಾರಲ್ಲ, ಅರಿಶಿನ ಇಲ್ಲದ ಬಿಳಿ ಪಲ್ಯ, ಅದಕ್ಕೆ.

ಗಿಡ ಮೆಡಿಟರೇನಿಯನ್ ಕಡೆಯದು. ಆದರೆ ವಾಸನೆ ನಮಗೇನೂ ಹೊಸದಲ್ಲ. ಅಜವಾನಕ್ಕೆ ಆ ಘಾಟು ಕೊಡುವ ಥೈಮಾಲ್ ಅನ್ನೋ ಅಂಶ ಇದರಲ್ಲೂ ಇದೆ. ಅಜವಾನ ಸ್ವಲ್ಪ ಜಾಸ್ತಿಯಾದರೂ ನಾಲಿಗೆ ಚುರುಗುಟ್ಟುತ್ತದೆ, ಥೈಮ್ ಅಷ್ಟು ಜೋರಲ್ಲ. ಮಿರ್ಚಿ ಬಜ್ಜಿ ಹಿಟ್ಟಿಗೆ ಅಜವಾನದ ಬದಲು ಇದನ್ನು ಹಾಕಿದ ದಿನ ನಮ್ಮತ್ತೆ, "ಅಜವಾನ ಇವತ್ತು ಕಮ್ಮಿ ಹಾಕಿದೀಯೇನವ್ವ?" ಅಂತ ಕೇಳಿದರು, ಅಷ್ಟೇ. ಇನ್ನೊಂದು ಮಿರ್ಚಿ ಹಾಕಿಸಿಕೊಂಡರು.

ಪಲ್ಯ ಹೀಗೆ ಮಾಡುತ್ತೇನೆ. ಅರ್ಧ ಕೆಜಿ ಆಲೂಗಡ್ಡೆ ಬೇಯಿಸಿ, ಸಿಪ್ಪೆ ತೆಗೆದು, ಕೈಯಲ್ಲೇ ಒರಟಾಗಿ ಪುಡಿ ಮಾಡುವುದು. ನಾಲ್ಕೈದು ಥೈಮ್ ಕಡ್ಡಿಗಳ ತುದಿ ಹಿಡಿದು, ಎರಡು ಬೆರಳಲ್ಲಿ ಬುಡದ ಕಡೆ ಎಳೆದರೆ ಎಲೆಗಳೆಲ್ಲ ಉದುರುತ್ತವೆ. ಬಾಣಲೆಗೆ ಎರಡು ಚಮಚ ಬೆಣ್ಣೆ, ಉರಿ ಸಣ್ಣ. ನೊರೆ ಬಂದಾಗ ಎಲೆ ಹಾಕಬೇಕು. ಚಿಟಿಪಿಟಿ ಅನ್ನುತ್ತದೆ, ಎಲೆಯ ಬೂದು ಹಸಿರು ಕಡುಹಸಿರಾಗುತ್ತದೆ, ವಾಸನೆ ಹಜಾರದವರೆಗೆ ಹೋಗುತ್ತದೆ. ಆಗ ತಡಮಾಡದೆ ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿಬಿಡಿ, ಇಲ್ಲದಿದ್ದರೆ ಎಲೆ ಕರಟಿ ಕಹಿಯಾಗುತ್ತದೆ. ಈರುಳ್ಳಿ ಮೆತ್ತಗಾದ ಮೇಲೆ ಆಲೂಗಡ್ಡೆ, ಉಪ್ಪು, ಒಂದು ಸಣ್ಣ ಲೋಟ ಬಿಸಿನೀರು. ಮುಚ್ಚಿ ಐದು ನಿಮಿಷ. ಇಳಿಸಿ ನಿಂಬೆಹಣ್ಣು ಹಿಂಡಿ.

ಇಂಗು, ಕರಿಬೇವು ಬೇಡವೇ ಬೇಡ. ಹಾಕಿದರೆ ಥೈಮ್ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತದೆ. ಕೊಬ್ಬರಿ ತುರಿಯ ಪಲ್ಯಗಳಿಗೂ ನಾನು ಹಾಕುವುದಿಲ್ಲ, ಯಾಕೋ ಅವೆರಡಕ್ಕೂ ಹೊಂದುವುದಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಅಣಬೆ, ಮೊಟ್ಟೆ ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. ಸಾರಿನ ಪುಡಿ ಹಾಕದೆ ಬರೀ ಬೆಳ್ಳುಳ್ಳಿ, ಮೆಣಸಿನಲ್ಲಿ ಟೊಮೆಟೊ ಸಾರು ಮಾಡುವಾಗ ಎರಡು ಕಡ್ಡಿ ಇಡಿಯಾಗಿ ಕುದಿಸಿ, ಬಡಿಸುವ ಮುಂಚೆ ತೆಗೆದುಬಿಡುತ್ತೇನೆ. ಕೊತ್ತಂಬರಿ ಹಾಗೆ ಕೊನೆಗೆ ಉದುರಿಸುವ ಸೊಪ್ಪಲ್ಲ ಇದು. ಮೊದಲೇ ಬಿದ್ದು ಬೆಂದರೇ ರುಚಿ.

ಒಣಗಿದ ಥೈಮ್ ಆದರೆ ಹಸಿ ಎಲೆಯ ಮೂರನೇ ಒಂದು ಪಾಲು ಸಾಕು. ಅಂಗೈಯಲ್ಲಿ ತಿಕ್ಕಿ ಹಾಕಿ. ಡಬ್ಬಿ ತೆಗೆದಾಗ ವಾಸನೆ ಬರದಿದ್ದರೆ ಸುಮ್ನೆ ಎಸೆಯಿರಿ, ಹುಲ್ಲು ತಿಂದ ಹಾಗಿರುತ್ತದೆ.

ನಾನು ಮಹಡಿ ಮೇಲೆ ಕುಂಡದಲ್ಲಿ ಬೆಳೆಸಿದ್ದೇನೆ. ಅರ್ಧ ಕೆಂಪು ಮಣ್ಣು, ಅರ್ಧ ಮರಳು. ಬಿಸಿಲು ಬೇಕು, ಆದರೆ ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಸೊರಗುತ್ತದೆ, ಆಗ ಗೋಡೆಯ ನೆರಳಿಗೆ ಸರಿಸಬೇಕು. ಬಿಸಿಲಿಗಿಂತ ಮಳೆಗಾಲದ್ದೇ ಭಯ ಅಲ್ವಾ, ನೀರು ನಿಂತರೆ ಬೇರು ಕೊಳೆಯುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಅಡುಗೆಗೆ ಎಳೆ ತುದಿಗಳನ್ನಷ್ಟೇ ಕತ್ತರಿಸಿ. ಬುಡದ ಕಟ್ಟಿಗೆ ಭಾಗಕ್ಕೆ ಕತ್ತರಿ ಹಾಕಿದರೆ ಮತ್ತೆ ಚಿಗುರುವುದು ಕಷ್ಟ.