ಟರ್ಮಿನಲ್‌ನಲ್ಲಿ ಮೇಲಿನ ಬಾಣ ಬಿಡಿ, ಕಂಟ್ರೋಲ್ ಆರ್ ಕಲಿಯಿರಿ

ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರುವ ವಿಧಾನ) ಮೂಲಕ ಲಾಗಿನ್ ಆಗುವವರು ಈಗ ಜಾಸ್ತಿ. ಮಳೆಗಾಲದಲ್ಲಿ ನೆಟ್ ನಿಧಾನ. ಒತ್ತಿದ ಕೀ ಸರ್ವರ್‌ವರೆಗೆ ಹೋಗಿ ಬಂದ ಮೇಲೇ ಪರದೆಯಲ್ಲಿ ಕಾಣುವುದು. ಅಂಥದ್ದರಲ್ಲೂ ಟರ್ಮಿನಲ್‌ನಲ್ಲಿ ಹಿಂದೆ ಟೈಪ್ ಮಾಡಿದ ಆದೇಶವನ್ನು, ಅಂದರೆ ಹಳೇ ಕಮಾಂಡ್ ಹುಡುಕಲು ಮೇಲಿನ ಬಾಣವನ್ನು ಒತ್ತುತ್ತಲೇ ಇರುವವರನ್ನು ನೋಡಿದರೆ ಸಂಕಟವಾಗುತ್ತದೆ. ಕಮಾಂಡ್ ಓದಿ ನಡೆಸುವ ಬ್ಯಾಶ್ ಶೆಲ್ ಎಂಬ ಪ್ರೋಗ್ರಾಂ ಬಳಸುವವರಿಗೆ ಈ ಕಷ್ಟ ಬೇಕಿಲ್ಲ.

ಮೊದಲು ಸುಲಭದವು. ಕಂಟ್ರೋಲ್ ಎ ಒತ್ತಿದರೆ ಸಾಲಿನ ಆರಂಭ, ಕಂಟ್ರೋಲ್ ಇ ಒತ್ತಿದರೆ ಕೊನೆ. ಕಂಟ್ರೋಲ್ ಡಬ್ಲ್ಯೂ ಹಿಂದಿನ ಪದ ಅಳಿಸುತ್ತದೆ, ಕಂಟ್ರೋಲ್ ವೈ ಅದನ್ನು ವಾಪಸ್ ತರುತ್ತದೆ. ಬ್ರೌಸರ್ ಒಳಗಿನ ಟರ್ಮಿನಲ್ ಮಾತ್ರ ಬಳಸಲೇಬೇಡಿ. ಅಲ್ಲಿ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಎಷ್ಟೋ ಸಲ ಟ್ಯಾಬೇ ಮುಚ್ಚಿಹೋಗುತ್ತದೆ.

ಈಗ ಹಳೇ ಕಮಾಂಡ್ ಹುಡುಕುವ ಕಂಟ್ರೋಲ್ ಆರ್. ಎಲ್ಲರೂ ಎಡವುವುದು ಇಲ್ಲೇ. ಒತ್ತಿದ ಕೂಡಲೇ ಹುಡುಕುವ ಸಾಲು ಬರುತ್ತದೆ. ಕಮಾಂಡ್‌ನ ಮೊದಲ ಅಕ್ಷರಗಳನ್ನೇ ಕೊಡಬೇಕೆಂದಿಲ್ಲ. ಅದರಲ್ಲಿ ಮಾತ್ರ ಇರುವ ಒಂದು ತುಣುಕು ಕೊಡಿ, ಫೈಲ್ ಹೆಸರಿನ ನಾಲ್ಕಕ್ಷರ ಸಾಕು. ತೀರಾ ಈಚಿನದ್ದು ಮೊದಲು ಸಿಗುತ್ತದೆ. ಅದಲ್ಲವಾ? ಮತ್ತೆ ಕಂಟ್ರೋಲ್ ಆರ್ ಒತ್ತಿ, ಇನ್ನೂ ಹಿಂದಿನದ್ದು ಬರುತ್ತದೆ. ಸಿಕ್ಕಿತು ಅಂತ ಎಂಟರ್ ಒತ್ತಬೇಡಿ! ಒತ್ತಿದರೆ ಕಮಾಂಡ್ ಆ ಕ್ಷಣವೇ ಓಡುತ್ತದೆ. ಫೈಲ್ ಅಳಿಸುವ ಹೋದ ವಾರದ ಆರ್‌ಎಂ ಕಮಾಂಡ್ ಇವತ್ತಿನ ಫೋಲ್ಡರ್‌ನಲ್ಲಿ ಓಡಿತೆಂದರೆ ಫೈಲ್ ಹೋದಂತೆಯೇ, ಅಲ್ವಾ? ಬಲಬಾಣ ಒತ್ತಿ. ಹುಡುಕಾಟ ನಿಂತು ಕಮಾಂಡ್ ಸಾಲಿನಲ್ಲೇ ಉಳಿಯುತ್ತದೆ. ಓದಿ, ತಿದ್ದಿ, ಆಮೇಲೆ ಎಂಟರ್. ಏನೂ ಬೇಡವಾದರೆ ಕಂಟ್ರೋಲ್ ಜಿ.

ಬೇಕಾದದ್ದನ್ನು ದಾಟಿ ಹೋದರೆ ಹಿಂದಿರುಗಲು ಕಂಟ್ರೋಲ್ ಎಸ್ ಇದೆ. ಆದರೆ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಅದು ಪರದೆಯನ್ನೇ ನಿಲ್ಲಿಸಿಬಿಡುತ್ತದೆ. ಮಳೆಗೆ ನೆಟ್ ಹೋಯ್ತು ಅಂದುಕೊಂಡು ಟರ್ಮಿನಲ್ ಮುಚ್ಚುವವರೇ ಜಾಸ್ತಿ. ಮುಚ್ಚುವ ಮೊದಲು ಕಂಟ್ರೋಲ್ ಕ್ಯೂ ಒತ್ತಿ ನೋಡಿ.

ಬ್ಯಾಶ್ ತಾನಾಗಿ 500 ಕಮಾಂಡ್ ಮಾತ್ರ ನೆನಪಿಡುತ್ತದೆ. ಬ್ಯಾಶ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಹಿಸ್ಟ್‌ಸೈಜ್ (ನೆನಪಲ್ಲಿ ಎಷ್ಟು ಕಮಾಂಡ್), ಹಿಸ್ಟ್‌ಫೈಲ್‌ಸೈಜ್ (ಫೈಲ್‌ನಲ್ಲಿ ಎಷ್ಟು) ಎರಡನ್ನೂ ಹೆಚ್ಚಿಸಿಕೊಳ್ಳಿ.

ಉಳಿದ ಕೀಗಳನ್ನು ಹುಡುಕುವುದು ಹೇಗೆ? ಶಾರ್ಟ್‌ಕಟ್ ಅಚ್ಚಾದ ಮೌಸ್‌ಪ್ಯಾಡ್‌ಗೆ ಸುಮ್ನೆ ದುಡ್ಡು ಕೊಡಬೇಡಿ. ಬೈಂಡ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಮೈನಸ್ ಚಿಹ್ನೆ ಮತ್ತು ದೊಡ್ಡಕ್ಷರದ ಪಿ ಸೇರಿಸಿ ಎಂಟರ್ ಒತ್ತಿ. ನಿಮ್ಮ ಶೆಲ್‌ನಲ್ಲಿ ಯಾವ ಕೀಗೆ ಯಾವ ಕೆಲಸ ಎಂಬ ಪಟ್ಟಿ ಬರುತ್ತದೆ. ವಾರಕ್ಕೊಂದನ್ನು ಆರಿಸಿ ಕೈಗೆ ರೂಢಿ ಮಾಡಿಕೊಳ್ಳಿ. ಮೊದಲ ವಾರಕ್ಕೆ ಆಲ್ಟ್ ಜೊತೆ ಚುಕ್ಕಿ ಇರಲಿ. ಹಿಂದಿನ ಕಮಾಂಡ್‌ನ ಕೊನೆಯ ಪದವನ್ನು ಅದು ಕರ್ಸರ್ ಇದ್ದಲ್ಲಿಗೇ ತಂದುಕೊಡುತ್ತದೆ, ಉದ್ದದ ಫೋಲ್ಡರ್ ಹೆಸರನ್ನು ಮತ್ತೆ ಟೈಪ್ ಮಾಡಬೇಕಿಲ್ಲ.