ಕಾರ್ಬನ್ ಹಾಕುವ ಮೊದಲು: ನಾಲ್ಕಿಂಚಿನ ಗ್ರೈಂಡರ್ ತಪಾಸಣೆ

ಮಿರಗದ ಮಳೆಗೆ ಮುಂಚೆ ಹುಬ್ಬಳ್ಳಿ-ಧಾರವಾಡದ ಶೆಡ್ಡುಗಳಲ್ಲಿ ಕೂರಿಗೆ, ಕುಂಟೆ, ಟ್ರೇಲರ್ ಕೆಲಸ ಒತ್ತರಿಸಿ ಬರುತ್ತದೆ. ಅದರ ಬೆನ್ನಿಗೇ ಬೆಂಚಿನ ಮೇಲೆ ಕಬ್ಬಿಣ ತಿಕ್ಕುವ, ಕತ್ತರಿಸುವ ಕೈ ಗ್ರೈಂಡರುಗಳ ಸಾಲು. ತಂದವರ ಮಾತು ಒಂದೇ: "ಕಾರ್ಬನ್ ಹೋಗ್ಯಾವ್ರಿ, ಹೊಸಾವು ಹಾಕಿ ಕೊಡ್ರಿ." ಕಾರ್ಬನ್, ಅಂದರೆ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಬ್ರಷ್, ಸವೆದಿರುವುದು ಸುಳ್ಳಲ್ಲ. ಆದರೆ ಯಾಕೆ ಸವೆಯಿತು ಎಂದು ನೋಡದೆ ಹೊಸದು ಹಾಕಿದರೆ ಅದೂ ಬೇಗನೆ ಪುಡಿಯಾಗುತ್ತದೆ, ಜೊತೆಗೆ ಆರ್ಮೇಚರನ್ನೂ ತಿನ್ನುತ್ತದೆ.

ಮಷೀನ್ ಬಿಚ್ಚುವ ಮೊದಲು ಬೋರ್ಡಿನಿಂದ ಕಿತ್ತ ಪ್ಲಗ್ಗಿನ ಎರಡು ಪಿನ್ನಿಗೆ, ಓಮ್‌ಗಿಟ್ಟ ಮೀಟರ್ ಹಿಡಿದು, ಸ್ವಿಚ್ ಆನ್ ಮಾಡಿ ಲಾಕ್ ಹಾಕುತ್ತೇನೆ. ಕೆಲವು ಓಮ್ ಬರಬೇಕು. ಹಾಗೇ ಹಿಡಿದು ಕೇಬಲ್ಲನ್ನು ಪ್ಲಗ್ಗಿನ ಬುಡದಲ್ಲಿ, ಆಮೇಲೆ ಹಿಡಿಕೆಯ ರಬ್ಬರ್ ಬೂಟಿನ ಹತ್ತಿರ ಬಾಗಿಸಿ ನೋಡುತ್ತೇನೆ. ತಂತಿ ಒಳಗೇ ಕಡಿಯುವುದು ಹೆಚ್ಚಾಗಿ ಈ ಎರಡು ಜಾಗದಲ್ಲಿ. ಬಾಗಿಸಿದಾಗ ರೀಡಿಂಗ್ ಬಂದು ಹೋದರೆ ಕೇಬಲ್ ಕತ್ತರಿಸಿ ಮತ್ತೆ ಕಟ್ಟಿದರಾಯಿತು. ಮುಂದೆ ಡಿಸ್ಕ್ ಕೂರುವ ಸ್ಪಿಂಡಲನ್ನು ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಬೇಕು. ರೀಡಿಂಗ್ ಅಲುಗಾಡಿದರೆ ಚಿಂತೆಯಿಲ್ಲ, ನಡುನಡುವೆ ಪೂರ್ತಿ ಓಪನ್ ಆದರೆ, ಅಂದರೆ ದಾರಿ ಕಡಿದಂತೆ ತೋರಿಸಿದರೆ, ಬ್ರಷ್ ಕಾಮ್ಯುಟೇಟರನ್ನು (ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳ ಉರುಳೆ) ಸರಿಯಾಗಿ ಮುಟ್ಟುತ್ತಿಲ್ಲ. ಎಲ್ಲಿ ತಿರುಗಿಸಿದರೂ ಓಪನ್ನೇ ಇದ್ದರೆ ಕೇಬಲ್, ಸ್ವಿಚ್, ಫೀಲ್ಡ್ ಕಾಯಿಲ್ (ಆರ್ಮೇಚರಿನ ಸುತ್ತ ತಿರುಗದೆ ಕೂತಿರುವ ಕಾಯಿಲ್), ಬ್ರಷ್, ಈ ಅನುಕ್ರಮದಲ್ಲಿ ಹುಡುಕುತ್ತೇನೆ.

ಬ್ರಷ್ ಸುಮಾರು 6 ಮಿ.ಮೀ.ಗೆ ಇಳಿದಿದ್ದರೆ ಜೋಡಿಯಾಗಿಯೇ ಬದಲಿಸಬೇಕು. ಉದ್ದ ಸಾಕಷ್ಟಿದ್ದೂ ಕಿಡಿ ಬರುತ್ತಿದ್ದರೆ ಬ್ರಷ್ ಕೂರುವ ಹೋಲ್ಡರ್ ನೋಡಿ: ಕಾರ್ಬನ್ ಪುಡಿ ತುಂಬಿ ಬ್ರಷ್ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಸ್ಪ್ರಿಂಗ್ ಕಾವಿಗೆ ಮೆತ್ತಗಾಗಿರುತ್ತದೆ. ಅಳತೆ ಹೊಂದದ ಬ್ರಷ್ಷನ್ನು ಅರದಿಂದ ತಿಕ್ಕಿ ತುರುಕುವ ಚಟ ನಮ್ಮಲ್ಲಿ ಬಹಳ. ಓರೆಯಾಗಿ ತಿಕ್ಕಿದ ಬ್ರಷ್ ಹೋಲ್ಡರಿನಲ್ಲಿ ಅಲುಗಾಡಿ ಕಿಡಿ ಹಾರಿಸುತ್ತದೆ.

ಕಿಡಿಯೇ ಅರ್ಧ ಕಥೆ ಹೇಳುತ್ತದೆ. ಬ್ರಷ್ ಅಂಚಿನಲ್ಲಿ ಸಣ್ಣ ನೀಲಿ ಕಿಡಿ ಇದ್ದರೆ ಸಹಜ. ಕಾಮ್ಯುಟೇಟರ್ ಸುತ್ತ ಬೆಂಕಿಯ ಬಳೆ ಕಟ್ಟಿದರೆ ಆರ್ಮೇಚರ್ ಮೇಲೆ ಅನುಮಾನ ಪಡಬೇಕು. ಕಾಮ್ಯುಟೇಟರಿನ ಅಕ್ಕಪಕ್ಕದ ಎರಡೇ ಬಾರ್ (ತಾಮ್ರದ ಪಟ್ಟಿ) ಸುಟ್ಟು ಕಪ್ಪಾಗಿದ್ದರೆ ಆ ಜಾಗದ ಕಾಯಿಲ್ ಕಡಿದಿರುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ. ಆರ್ಮೇಚರ್ ವೈಂಡಿಂಗ್ ಸುತ್ತು ಮುಚ್ಚಿದ ಸರಪಳಿ, ಬ್ರಷ್‌ನಿಂದ ಬ್ರಷ್‌ಗೆ ಕರೆಂಟಿಗೆ ಎರಡು ದಾರಿ. ಒಂದು ಕಾಯಿಲ್ ಕಡಿದರೂ ಇನ್ನೊಂದು ದಾರಿ ಉಳಿಯುವುದರಿಂದ ಪ್ಲಗ್ಗಿನಲ್ಲಿ ಮೀಟರ್ ಓಪನ್ ತೋರಿಸುವುದಿಲ್ಲ, ಮಷೀನೂ ತಿರುಗುತ್ತಿರುತ್ತದೆ. ಅದಕ್ಕೇ ಬಾರ್‌ನಿಂದ ಬಾರ್‌ಗೆ ಅಳೆಯಬೇಕು.

ಆದರೆ ಈ ಕಾಯಿಲ್‌ಗಳ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಬಹಳ ಕಡಿಮೆ ಇರುತ್ತದೆ, ಸಾದಾ ಮೀಟರಿನ ಪ್ರೋಬ್ ವೈರುಗಳೇ 0.2 ಓಮ್ ತೋರಿಸುತ್ತವೆ. ನಾನು ಮಾಡುವುದು ಹೀಗೆ: ಆರ್ಮೇಚರ್ ಹೊರತೆಗೆದು, 12 ವೋಲ್ಟ್ ಬ್ಯಾಟರಿಗೆ ಗಾಡಿಯ 21 ವಾಟ್ ಇಂಡಿಕೇಟರ್ ಬಲ್ಬನ್ನು ಸೀರೀಸಿನಲ್ಲಿ ಕಟ್ಟಿ, ಎದುರುಬದುರಿನ ಎರಡು ಬಾರ್‌ಗೆ ಕರೆಂಟ್ ಕೊಡುತ್ತೇನೆ. ಆಮೇಲೆ ಮೀಟರನ್ನು ಮಿಲಿವೋಲ್ಟಿಗಿಟ್ಟು ಅಕ್ಕಪಕ್ಕದ ಪ್ರತಿ ಜೋಡಿಯನ್ನೂ ಮುಟ್ಟುತ್ತಾ ಸುತ್ತು ಹಾಕುತ್ತೇನೆ. ಒಂದು ಜೋಡಿ 150 ಮಿಲಿವೋಲ್ಟ್ ತೋರಿಸಿದರೆ ಉಳಿದವೂ ಅದರ ಆಚೀಚೆಯೇ ಇರಬೇಕು. ಒಂದು ಕಡೆ 40ಕ್ಕೆ ಬಿದ್ದರೆ ಆ ಕಾಯಿಲ್ ಶಾರ್ಟ್. ಒಂದು ಕಡೆಯ ಜೋಡಿಗಳೆಲ್ಲ ಸೊನ್ನೆ ತೋರಿಸಿ, ನಡುವೆ ಒಂದೇ ಜೋಡಿ ಏಕಾಏಕಿ ಏರಿದರೆ ಕಡಿದಿರುವುದು ಅಲ್ಲೇ. ಬಾರ್‌ನ ಬೆಸುಗೆ ಬಿಟ್ಟಿದ್ದರೆ ಮತ್ತೆ ಹಾಕಬಹುದು. ಶಾರ್ಟ್ ಆಗಿದ್ದರೆ ಈ ಸೈಜಿಗೆ ರಿವೈಂಡಿಂಗ್ ಗೋಜಿಗೆ ಹೋಗದೆ ಹೊಸ ಆರ್ಮೇಚರ್ ಹಾಕುವುದೇ ಲೇಸು.

ಆರ್ಮೇಚರ್ ಸರಿಯಿದ್ದು ಕಾಮ್ಯುಟೇಟರ್ ಮಾತ್ರ ಕಪ್ಪಾಗಿದ್ದರೆ 400 ನಂಬರಿನ ಮರಳು ಕಾಗದ ಸಾಕು. ಎಮರಿ ಬೇಡ, ಅದರ ಪುಡಿ ಬಾರ್‌ಗಳ ಸಂದಿಯಲ್ಲಿ ಕೂತು ಕರೆಂಟಿಗೆ ದಾರಿಯಾಗುತ್ತದೆ. ಬಾರ್‌ಗಳ ನಡುವೆ ಕರೆಂಟ್ ತಡೆಯುವ ಮೈಕಾ ತಾಮ್ರಕ್ಕಿಂತ ಸುಮಾರು ಅರ್ಧ ಮಿ.ಮೀ. ಕೆಳಗಿರಬೇಕು.

ಫೀಲ್ಡಿನ ಎರಡು ಕಾಯಿಲ್ ಒಂದೇ ರೀಡಿಂಗ್ ಕೊಡಬೇಕು. ಒಂದು ಕಡಿಮೆ ಬಂದರೆ ಒಳಗೆ ಶಾರ್ಟ್ ಇದೆ. ಆಗ ಮಷೀನ್ ಮೊದಲಿಗಿಂತ ಜೋರಾಗಿ ತಿರುಗಿ, ಕಿಡಿ ಕಾರಿ, ಬೇಗ ಕಾಯುತ್ತದೆ. ಮಾಲೀಕರು "ಸ್ಪೀಡ್ ಚಲೋ ಆಗೇತಿ" ಅಂತ ಖುಷಿಪಡುವುದೂ ಉಂಟು!

ಮಷೀನಿನ ಮೈ ಮುಟ್ಟಿದರೆ ಕರೆಂಟ್ ಹೊಡೆಯುವ ದೂರು ಮಳೆಗಾಲದಲ್ಲಿ ಜಾಸ್ತಿ. ಚೌಕದೊಳಗೆ ಚೌಕದ ಗುರುತು ಇರುವ ಗ್ರೈಂಡರಿಗೆ ಅರ್ಥ್ ತಂತಿ ಇರುವುದಿಲ್ಲ, ಡಬಲ್ ಇನ್ಸುಲೇಷನ್ನೇ ಅದರ ರಕ್ಷಣೆ. ಫ್ಯಾನ್ ಎಳೆದುಕೊಂಡ ಕಬ್ಬಿಣದ ಪುಡಿ ಒಳಗೆ ಕೂತು ತೇವ ಹಿಡಿದರೆ ಆ ರಕ್ಷಣೆ ಹೋಯಿತು. ಸ್ವಿಚ್ ಆನ್ ಇಟ್ಟು ಎರಡೂ ಪಿನ್ನನ್ನು ಒಟ್ಟಿಗೆ ಕಟ್ಟಿ, ಗೇರ್ ಬಾಕ್ಸಿನ ಲೋಹಕ್ಕೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚುತ್ತೇನೆ. 2 ಮೆಗಾಓಮ್‌ಗಿಂತ ಕಡಿಮೆ ಬಂದರೆ ವಾಪಸ್ ಕೊಡುವುದಿಲ್ಲ. ಪುಡಿ ಊದಿ, ಹಳೆಯ 100 ವಾಟ್ ಫಿಲಮೆಂಟ್ ಬಲ್ಬ್ ಹಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಒಣಗಿಸಿ ಮತ್ತೆ ಅಳೆಯುತ್ತೇನೆ. ಏರದಿದ್ದರೆ ಇನ್ಸುಲೇಷನ್ನೇ ಹಾಳಾಗಿದೆ.

ಎಲ್ಲ ಸರಿಯಿದ್ದೂ ಮಷೀನ್, ಅದರಲ್ಲೂ 14 ಇಂಚಿನ ದೊಡ್ಡ ಕಟಿಂಗ್ ಮಷೀನ್, ಜೋರು ಹಿಡಿಯದಿದ್ದರೆ ಎಕ್ಸ್‌ಟೆನ್ಷನ್ ಬೋರ್ಡ್ ತರಿಸಿ. 0.75 ಚದರ ಮಿ.ಮೀ. ವೈರ್ 30 ಮೀಟರ್ ಎಳೆದರೆ ಹೋಗಿಬರುವ ದಾರಿ 60 ಮೀಟರ್, ಒಂದೂವರೆ ಓಮ್. 14 ಇಂಚಿನ ಮಷೀನ್ 10 ಆಂಪಿಯರ್ ಎಳೆದಾಗ 15 ವೋಲ್ಟ್ ದಾರಿಯಲ್ಲೇ ಖಾಲಿ. 2.5 ಚದರದ ವೈರಿನಲ್ಲಿ ಅದು 5 ವೋಲ್ಟಿಗೆ ಇಳಿಯುತ್ತದೆ.

ಹೊಸ ಬ್ರಷ್ ಹಾಕಿದ ಮೇಲೆ ಡಿಸ್ಕ್ ಇಲ್ಲದೆ, ಮೊದಲು ಅದೇ ತರಹದ 100 ವಾಟ್ ಫಿಲಮೆಂಟ್ ಬಲ್ಬಿನ ಸೀರೀಸಿನಲ್ಲಿ ಒಮ್ಮೆ ಪರೀಕ್ಷಿಸಿ, ಆಮೇಲೆ ನೇರ ಕರೆಂಟಿನಲ್ಲಿ ಹತ್ತು ನಿಮಿಷ ಖಾಲಿ ಓಡಿಸಿ. ಬ್ರಷ್ಷಿನ ಮುಖ ಕಾಮ್ಯುಟೇಟರಿನ ದುಂಡಿಗೆ ಕೂಡುವವರೆಗೆ ಕಿಡಿ ತುಸು ಹೆಚ್ಚೇ ಇರುತ್ತದೆ.