ಕಡ್ಡಿ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಹೇಗೆ?

ಚೀನಾದಲ್ಲಿ ಹಿಂದೆ ಬಿದಿರಿನ ಸಣ್ಣ ಕಡ್ಡಿಗಳನ್ನು ಜೋಡಿಸಿ ಲೆಕ್ಕ ಮಾಡುತ್ತಿದ್ದರು. ಆ ಜೋಡಣೆಯೇ ಆಮೇಲೆ ಕಾಗದದ ಮೇಲೆ ಅಂಕಿಯಾಯಿತು. 2006ರಲ್ಲಿ ಯೂನಿಕೋಡಿಗೂ, ಅಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಕೊಡುವ ಕಂಪ್ಯೂಟರ್ ಪಟ್ಟಿಗೂ ಬಂತು. ಹಾಗಾಗಿ ಚಿತ್ರ ಅಂಟಿಸಬೇಕಿಲ್ಲ, ಅಕ್ಷರದಂತೆಯೇ ಬರೆಯಬಹುದು.

ಮೊದಲು ಒಂದು ಅಂಕಿಯನ್ನು ಹತ್ತಿರದಿಂದ ನೋಡಿ: 𝍯. ಮೇಲೆ ಅಡ್ಡ ಇರುವ ಕಡ್ಡಿ ಐದು. ಕೆಳಗೆ ನಿಂತಿರುವ ಎರಡು ಕಡ್ಡಿ ಎರಡು. ಒಟ್ಟು ಏಳು. ಎಷ್ಟು ಚೆಂದ ಅಲ್ವಾ!

ಬಿಡಿ ಸ್ಥಾನದಲ್ಲಿ ಕಡ್ಡಿ ನಿಲ್ಲುತ್ತದೆ, ಹತ್ತರಲ್ಲಿ ಮಲಗುತ್ತದೆ, ನೂರರಲ್ಲಿ ಮತ್ತೆ ನಿಲ್ಲುತ್ತದೆ, ಸಾವಿರದಲ್ಲಿ ಮಲಗುತ್ತದೆ. ಎಲ್ಲವೂ ನಿಂತಿದ್ದರೆ ಪಕ್ಕಪಕ್ಕದ 2 ಮತ್ತು 3 ಸೇರಿ 5ರಂತೆ ಕಾಣುತ್ತಿತ್ತು.

ಇನ್ನು ಟೈಪಿಂಗ್. ಮಲಗಿದ 1ರಿಂದ 9ಕ್ಕೆ ಸಂಕೇತ 119648ರಿಂದ 119656. ನಿಂತವಕ್ಕೆ 119657ರಿಂದ 119665. ಇಲ್ಲೇ ಜಾಸ್ತಿ ಜನ ಎಡವುವುದು. ಯೂನಿಕೋಡ್ ಮಲಗಿದ ಅಂಕಿಗಳಿಗೆ ‘ಬಿಡಿ’ ಎಂದೂ ನಿಂತವಕ್ಕೆ ‘ಹತ್ತು’ ಎಂದೂ ಹೆಸರಿಟ್ಟಿದೆ. ಅದು ಚೀನಾದ ಸಾಂಗ್ ರಾಜವಂಶದ ಕಾಲದ ರೂಢಿ, ಮೇಲೆ ಹೇಳಿದ ಹಳೆಯ ಕ್ರಮಕ್ಕೆ ಪೂರ್ತಿ ಉಲ್ಟಾ. ಹೆಸರನ್ನು ನಂಬಬೇಡಿ, ಕಡ್ಡಿ ಯಾವ ಕಡೆಗಿದೆ ನೋಡಿ.

1247 ಬರೆಯೋಣ. ಚೀನಾದ ಗಣಿತಜ್ಞ ಚಿನ್ ಜಿಯುಶಾವೊ ತನ್ನ ಗಣಿತದ ಪುಸ್ತಕ ಬರೆದ ವರ್ಷ ಅದು. ವೆಬ್ ಪುಟದ ಕೋಡಿನಲ್ಲಿ ಹೀಗೆ ಹಾಕಿ:

𝍠𝍪𝍣𝍯

ಪುಟ ತೆರೆದಾಗ 𝍠𝍪𝍣𝍯 ಎಂದು ಕಾಣಬೇಕು. ಬರೀ ಚೌಕ ಕಂಡರೆ ತಪ್ಪು ನಿಮ್ಮದಲ್ಲ, ಫಾಂಟಿನದು. ನೋಟೊ ಸ್ಯಾನ್ಸ್ ಸಿಂಬಲ್ಸ್ 2 ಹಾಕಿಕೊಳ್ಳಿ.

ಸೊನ್ನೆಗೆ ಇಲ್ಲಿ ಬೇರೆ ಅಕ್ಷರ ಇಲ್ಲ. ಚೀನೀ ಬರಹದ ದುಂಡು ಸೊನ್ನೆಯನ್ನೇ ಬಳಸಿ: 〇, ಸಂಕೇತ 12295. ಋಣ ಸಂಖ್ಯೆಯಾದರೆ ಅಂಕಿಯ ಸಂಕೇತದ ಹಿಂದೆಯೇ 8421 ಎಂಬ ಸಂಕೇತವನ್ನೂ ಹಾಕಿ. ಅಂಕಿಯ ಮೇಲೆ ಓರೆ ಗೀಟು ಬೀಳುತ್ತದೆ. ಚೀನಾದ ಇನ್ನೊಬ್ಬ ಗಣಿತಜ್ಞ ಲೀ ಯೆ 1248ರಲ್ಲೇ ಹೀಗೆ ಗೀಟು ಎಳೆದು ಋಣ ಸಂಖ್ಯೆ ತೋರಿಸಿದ್ದ.

ಡೇಟಾಬೇಸಿನಲ್ಲಿ ಉಳಿಸುವವರು ಇನ್ನೊಂದು ವಿಷಯ ಗಮನಿಸಿ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಸಾಕು, ಕಡ್ಡಿ ಅಂಕಿಗೆ ನಾಲ್ಕು ಬೇಕು. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ಮೂರಕ್ಕೇ ನಿಲ್ಲುತ್ತದೆ. ಕನ್ನಡ ಸರಿಯಾಗಿ ಉಳಿಯಿತೆಂದು ಸುಮ್ನೆ ಬಿಡಬೇಡಿ, ಯುಟಿಎಫ್8ಎಂಬಿ4ಗೆ ಬದಲಾಯಿಸಿ. ಜೊತೆಗೆ ಪಕ್ಕದಲ್ಲೇ ಮಾಮೂಲಿ ಅಂಕಿಯನ್ನೂ ಬರೆಯಿರಿ. 1247 ಎಂದು ಹುಡುಕುವವರಿಗೆ 𝍠𝍪𝍣𝍯 ಸಿಗುವುದಿಲ್ಲ.